ಚಾವಣಿಯ ಮರೆಯ ತಂಗಾಳಿ

ಬೇಸಗೆಯ ನಡುಹಗಲಿನಲ್ಲಿ ಹೊಸದಾಗಿ ಕಟ್ಟಿದ ಕೆಲವು ಮನೆಗಳನ್ನೋ ಕಚೇರಿಗಳನ್ನೋ ಹೊಕ್ಕಾಗ ಒಳಗಿನ ಗಾಳಿ ಹಿತವಾಗಿ ತಂಪಾಗಿರುತ್ತದೆ; ಆದರೆ ತಂಪು ಮಾಡುವ ಯಂತ್ರ ಮಾತ್ರ ಎಲ್ಲಿಯೂ ಕಣ್ಣಿಗೆ ಬೀಳುವುದಿಲ್ಲ. ಗೋಡೆಯ ಮೇಲೆ ಪೆಟ್ಟಿಗೆಯಿಲ್ಲ, ಕಿಟಕಿಯಲ್ಲಿ ಗುರುಗುಟ್ಟುವ ಸದ್ದಿಲ್ಲ. ಚಾವಣಿಯ ಅಂಚಿನಲ್ಲಿ ಉದ್ದನೆಯ ಒಂದು ಜಾಲರಿ, ಇನ್ನೊಂದು ಮೂಲೆಯಲ್ಲಿ ಅದಕ್ಕಿಂತ ದೊಡ್ಡದಾದ ಮತ್ತೊಂದು ಜಾಲರಿ, ಇಷ್ಟೇ. ನಿಜವಾದ ಚಾವಣಿಗೂ ಅದರ ಕೆಳಗೆ ಹಲಗೆಗಳನ್ನು ಜೋಡಿಸಿ ಮಾಡಿದ ತೋರಿಕೆಯ ಚಾವಣಿಗೂ ನಡುವೆ ಯಂತ್ರವು ಅಡಗಿ ಕುಳಿತಿದೆ. ಅಲ್ಲಿಂದ ‘ಡಕ್ಟ್’ ಎಂದು ಕರೆಯುವ ಅಗಲವಾದ ಗಾಳಿಗೊಳವೆಗಳು ಹೊರಟು ಕೋಣೆ ಕೋಣೆಗೂ ತಂಗಾಳಿಯನ್ನು ಒಯ್ಯುತ್ತವೆ.

ಈ ಬಗೆಯ ಹವಾನಿಯಂತ್ರಣ ಯಂತ್ರವನ್ನು ಅಂಗಡಿಯಿಂದ ಕೊಂಡು ತಂದಾಗ ನಮಗೆ ದೊರೆಯುವುದು ಅರ್ಧ ಯಂತ್ರ ಮಾತ್ರ ಎಂದರೆ ಅತಿಶಯೋಕ್ತಿಯಾಗಲಾರದು. ಉಳಿದ ಅರ್ಧವನ್ನು ಕೆಲಸಗಾರರು ಮನೆಯಲ್ಲಿಯೇ ಕಟ್ಟಬೇಕು. ಅದು ಮಾರ್ಗಗಳಿಂದ ಆದದ್ದು: ತಂಪಾದ ಗಾಳಿ ಹೋಗುವ ಮಾರ್ಗ, ಬೆಚ್ಚಗಾದ ಗಾಳಿ ಮರಳುವ ಮಾರ್ಗ, ಗಾಳಿಯಿಂದ ಬೇರ್ಪಟ್ಟ ನೀರು ಇಳಿದುಹೋಗುವ ಮಾರ್ಗ, ಕೋಣೆಯ ಉಷ್ಣ ಬಯಲಿಗೆ ಸೇರುವ ಮಾರ್ಗ. ಇವುಗಳಲ್ಲಿ ಯಾವುದೊಂದು ತಡೆಗೊಂಡರೂ ಕಾರ್ಖಾನೆಯವರು ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಹಲಗೆಗಳನ್ನು ಮುಚ್ಚಿ ಬಣ್ಣ ಬಳಿದ ಮೇಲೆ ಆ ಮಾರ್ಗಗಳು ಯಾರಿಗೂ ಕಾಣುವುದಿಲ್ಲ. ಅವುಗಳಲ್ಲಿನ ದೋಷ ಮುಂದೆ ಕಾಣಿಸಿಕೊಳ್ಳುವುದು ಚಾವಣಿಯ ಮೇಲಿನ ಕಂದು ಕಲೆಯಾಗಿ, ಇಲ್ಲವೆ ತಿಂಗಳ ಕೊನೆಗೆ ಬರುವ ವಿದ್ಯುತ್ತಿನ ಬಿಲ್ಲಾಗಿ. ಆದುದರಿಂದ ಮುಚ್ಚುವ ಮೊದಲೇ ಅವನ್ನು ಒಮ್ಮೆ ನೋಡಿಬರೋಣ.

ಹವಾನಿಯಂತ್ರಣವೆಂದರೆ ತಂಪು ಮಾಡುವುದು ಎಂದೇ ಸಾಮಾನ್ಯ ಭಾವನೆ. ಆದರೆ ಈ ವಿದ್ಯೆ ಹುಟ್ಟಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ, ಕಾಗದದ ಸುಖಕ್ಕಾಗಿ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್‌ಲಿನ್ ಭಾಗದಲ್ಲಿದ್ದ ಸ್ಯಾಕೆಟ್-ವಿಲ್ಹೆಲ್ಮ್ಸ್ ಎಂಬ ಮುದ್ರಣಾಲಯದಲ್ಲಿ ಒಂದು ತೊಡಕು ಎದ್ದಿತ್ತು. ಬಣ್ಣದ ಚಿತ್ರಗಳನ್ನು ಮುದ್ರಿಸುವಾಗ ಒಂದೇ ಹಾಳೆ ಹಲವು ಸಲ ಅಚ್ಚಿನಡಿಗೆ ಹೋಗಬೇಕಷ್ಟೆ. ಬೇಸಗೆಯ ತೇವಕ್ಕೆ ಕಾಗದ ಹಿಗ್ಗುತ್ತಿತ್ತು, ಒಣಗಿದಾಗ ಕುಗ್ಗುತ್ತಿತ್ತು. ಹೀಗಾಗಿ ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂಡುತ್ತಿರಲಿಲ್ಲ. ವಿಲಿಸ್ ಕ್ಯಾರಿಯರ್ ಎಂಬ 25 ವರ್ಷದ ಎಂಜಿನಿಯರು ತಣ್ಣನೆಯ ಕೊಳವೆ ಸುರುಳಿಗಳ ಮೇಲೆ ಗಾಳಿಯನ್ನು ಹಾಯಿಸಿ ಅದರ ತೇವವನ್ನು ಹತೋಟಿಗೆ ತರುವ ಏರ್ಪಾಡೊಂದನ್ನು ಅಲ್ಲಿಗಾಗಿ ರೂಪಿಸಿದನು. ‘ಏರ್ ಕಂಡಿಷನಿಂಗ್’ ಎಂಬ ಹೆಸರನ್ನು ಬಳಕೆಗೆ ತಂದದ್ದು 1906ರಲ್ಲಿ, ಬಟ್ಟೆಯ ಗಿರಣಿಗಳ ಗಾಳಿಯ ತೇವವನ್ನು ಹದದಲ್ಲಿಡುವ ಕೆಲಸದಲ್ಲಿ ತೊಡಗಿದ್ದ ಸ್ಟುವರ್ಟ್ ಕ್ರೇಮರ್. ಯಂತ್ರದ ಈ ಎರಡನೆಯ ಕೆಲಸ, ಎಂದರೆ ಗಾಳಿಯಿಂದ ನೀರನ್ನು ತೆಗೆಯುವುದು, ಇಂದಿಗೂ ಅದರ ಮುಖ್ಯ ಕಾರ್ಯಗಳಲ್ಲಿ ಒಂದು. ಕೂರಿಸುವವರು ಹೆಚ್ಚಾಗಿ ಮರೆಯುವುದೂ ಇದನ್ನೇ.

ಯಂತ್ರದ ಒಳಗಿನ ವ್ಯಾಪಾರವನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಮನೆಯೊಳಗಿನ ಭಾಗದಲ್ಲಿ ಕೊಳವೆಗಳ ಒಂದು ಸುರುಳಿಯೂ ಒಂದು ಬೀಸಣಿಗೆಯೂ ಇವೆ. ಸುರುಳಿಯೊಳಗೆ ಶೀತಕವೆಂಬ ದ್ರವವು ಕಡಮೆ ಒತ್ತಡದಲ್ಲಿ ಕುದಿದು ಆವಿಯಾಗುತ್ತದೆ. ಕುದಿಯಲು ಬೇಕಾದ ಗುಪ್ತೋಷ್ಣವನ್ನು ತನ್ನ ಮೇಲೆ ಹಾಯುವ ಗಾಳಿಯಿಂದ ಹೀರಿಕೊಳ್ಳುತ್ತದೆ. ಮನೆಯ ಹೊರಗಿನ ಭಾಗದಲ್ಲಿರುವ ಕಂಪ್ರೆಸರ್ ಆ ಆವಿಯನ್ನು ಅದುಮುತ್ತದೆ. ಅಲ್ಲಿ ಅದು ಮತ್ತೆ ದ್ರವವಾಗುತ್ತ ತಾನು ಹೊತ್ತು ತಂದ ಉಷ್ಣವನ್ನು ಬಯಲಿಗೆ ಬಿಡುತ್ತದೆ. ಕೋಣೆಗೆ ತಂಪನ್ನು ತುಂಬುವುದು ಎಂಬುದೊಂದಿಲ್ಲ. ಉಷ್ಣವನ್ನು ಎತ್ತಿ ಹೊರಗೆ ಸಾಗಿಸುವುದು ಮಾತ್ರ ಉಂಟು. ಯಂತ್ರದ ಸಾಮರ್ಥ್ಯವನ್ನು ‘ಟನ್’ಗಳಲ್ಲಿ ಹೇಳುವ ರೂಢಿ ಮಂಜುಗಡ್ಡೆಯ ವ್ಯಾಪಾರದ ಕಾಲದಿಂದ ಬಂದದ್ದು. (1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗೇರಿ ಕಲ್ಕತ್ತೆಗೆ ಮಂಜುಗಡ್ಡೆ ಬಂದಿಳಿಯಿತೆಂಬುದನ್ನು ಓದುಗರು ಕೇಳಿರಬಹುದು.) 2000 ಪೌಂಡು, ಎಂದರೆ ಸುಮಾರು 907 ಕಿಲೋಗ್ರಾಂ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಉಷ್ಣವನ್ನು ಹೀರುವುದೋ ಅಷ್ಟನ್ನು ಸಾಗಿಸಬಲ್ಲ ಯಂತ್ರ ಒಂದು ಟನ್ನಿನದು. ಈಗಿನ ಲೆಕ್ಕದಲ್ಲಿ ಅದು ಸುಮಾರು ಮೂರೂವರೆ ಕಿಲೋವಾಟ್.

ಇನ್ನು ಮಂಗಳೂರಿನ ಒಂದು ಮನೆಯಲ್ಲಿ ಎರಡು ಕೋಣೆಗಳಿಗೆಂದು ಎರಡು ಟನ್ನಿನ ಒಂದು ಯಂತ್ರವನ್ನು ಕೂರಿಸುತ್ತಿದ್ದಾರೆಂದು ಇಟ್ಟುಕೊಳ್ಳೋಣ. ಬೇಕಾದ ಸಾಮರ್ಥ್ಯವನ್ನು ಕೋಣೆಯ ವಿಸ್ತೀರ್ಣವೊಂದರಿಂದಲೇ ನಿರ್ಧರಿಸುವುದು ಸರಿಯಲ್ಲ. ಕಿಟಕಿಯ ದಿಕ್ಕು, ತಾರಸಿಗೆ ಬೀಳುವ ಬಿಸಿಲು, ಒಳಗಿರುವ ಜನ, ಎಲ್ಲವೂ ಲೆಕ್ಕಕ್ಕೆ ಬರತಕ್ಕವು. ಆ ಲೆಕ್ಕ ಮುಗಿದಿದೆ ಎಂದೇ ಭಾವಿಸಿ ಮುಂದುವರಿಯೋಣ.

ಮೊದಲ ಕೆಲಸ ತೂಗುಹಾಕುವುದು. ಒಳಭಾಗದ ತೂಕ ಸಾಮಾನ್ಯವಾಗಿ 30ರಿಂದ 50 ಕಿಲೋಗ್ರಾಂ. ಅದನ್ನು ಕಾಂಕ್ರೀಟಿನ ಚಾವಣಿಯಲ್ಲಿ ನೆಟ್ಟ ನಾಲ್ಕು ಉಕ್ಕಿನ ಸರಳುಗಳಿಂದ ಇಳಿಬಿಡುತ್ತಾರೆ. ನಡುಕ ಕಟ್ಟಡಕ್ಕೆ ಹತ್ತದಂತೆ ನಡುವೆ ರಬ್ಬರಿನ ಬಿಲ್ಲೆಗಳನ್ನು ಇಡುತ್ತಾರೆ. ತೋರಿಕೆಯ ಚಾವಣಿಯ ತಂತಿಗಳಿಗಾಗಲಿ ಚೌಕಟ್ಟಿಗಾಗಲಿ ಈ ಭಾರವನ್ನು ಸ್ವಲ್ಪವೂ ಹೊರಿಸಕೂಡದು. ಹಂಚಿನ ಮನೆಯಾದರೆ ಕಾಂಕ್ರೀಟೇ ಇಲ್ಲ. ತೊಲೆಗಳಿಗೆ ಅಡ್ಡಲಾಗಿ ಬೇರೆ ಚೌಕಟ್ಟು ಬೇಕು. ಈಚಿನ ಕೆಲವು ಎತ್ತರದ ಕಟ್ಟಡಗಳಲ್ಲಿ ಕಾಂಕ್ರೀಟಿನೊಳಗೆ ಉಕ್ಕಿನ ಹುರಿಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಅಂಥಲ್ಲಿ ಅವುಗಳ ಸ್ಥಾನವನ್ನು ತಿಳಿಯದೆ ಬೈರಿಗೆ ಇಳಿಸಿದರೆ ಹುರಿ ತುಂಡಾಗಿ ಕೆಲಸಗಾರನ ಪ್ರಾಣಕ್ಕೇ ಅಪಾಯ. ನಿಚ್ಚಣಿಕೆಯ ತುದಿಯಲ್ಲಿ ನಿಂತು ಇಡೀ ಪೆಟ್ಟಿಗೆಯನ್ನು ತಲೆಯಿಂದ ಎತ್ತಿ ಹಿಡಿದು ಇನ್ನೊಬ್ಬನು ಮರೆ ಬಿಗಿಯುವವರೆಗೆ ಕಾಯುವ ದೃಶ್ಯ ನಮ್ಮಲ್ಲಿ ಅಪೂರ್ವವೇನಲ್ಲ. ಇದು ಧೈರ್ಯವೆನಿಸೀತು, ಕೌಶಲವಲ್ಲ; ಎತ್ತುವ ಸಾಧನವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ತರುವುದು ಬೆನ್ನುಮೂಳೆಗಿಂತ ಅಗ್ಗ.

ಈಗ ನೀರಿನ ವಿಚಾರ. ಮೇ ತಿಂಗಳ ಮಂಗಳೂರಿನ ಗಾಳಿ 32 ಡಿಗ್ರಿ ಉಷ್ಣತೆಯಲ್ಲಿ ಶೇಕಡ 70ರ ಆರ್ದ್ರತೆಯನ್ನು ಹೊಂದಿದ್ದರೆ ಅದರ ಒಂದೊಂದು ಘನಮೀಟರಿನಲ್ಲಿಯೂ ಸುಮಾರು 24 ಗ್ರಾಂ ನೀರು ಆವಿಯ ರೂಪದಲ್ಲಿ ಇರುತ್ತದೆ. ಅದೇ ಗಾಳಿಯನ್ನು 13 ಡಿಗ್ರಿಗೆ ಇಳಿಸಿದರೆ ಘನಮೀಟರಿಗೆ 11 ಗ್ರಾಂಗಿಂತ ಹೆಚ್ಚು ಆವಿ ಅದರಲ್ಲಿ ನಿಲ್ಲಲಾರದು. ಮಿಕ್ಕದ್ದು ಸುರುಳಿಯ ಮೇಲೆ ಹನಿಗಟ್ಟಿ ಕೆಳಗಿನ ತಟ್ಟೆಗೆ ತೊಟ್ಟಿಕ್ಕುತ್ತದೆ. ನಮ್ಮ ಯಂತ್ರದ 7 ಕಿಲೋವಾಟ್ ಸಾಮರ್ಥ್ಯದಲ್ಲಿ ಮೂರರಲ್ಲಿ ಒಂದು ಪಾಲು ಹೀಗೆ ಆವಿಯನ್ನು ನೀರಾಗಿಸುವುದಕ್ಕೆ ವೆಚ್ಚವಾಗುತ್ತದೆಂದು ಹಿಡಿಯೋಣ. ಒಂದು ಗ್ರಾಂ ಆವಿ ನೀರಾಗುವಾಗ ಸುಮಾರು 2450 ಜೂಲ್ ಉಷ್ಣವನ್ನು ಬಿಡುತ್ತದೆ. ಭಾಗಿಸಿ ನೋಡಿದರೆ ಗಂಟೆಗೆ ಮೂರು ಲೀಟರಿಗೂ ಮಿಕ್ಕು ನೀರು ಬಂತು. ಯಂತ್ರವು ಎಡೆಬಿಡದೆ ಪೂರ್ಣಶಕ್ತಿಯಿಂದ ಎಂಟು ಗಂಟೆ ನಡೆದರೆ 27 ಲೀಟರು! ಮಲಗಿದವರ ತಲೆಯ ಮೇಲೆ, ಹಲಗೆಯೊಂದರ ಮರೆಯಲ್ಲಿ, ರಾತ್ರಿಯೊಂದಕ್ಕೆ ಒಂದೂವರೆ ಬಕೆಟ್ಟಿನಷ್ಟು ನೀರು ಹುಟ್ಟುತ್ತದೆ ಎಂಬುದನ್ನು ಮನಸ್ಸಿಗೆ ತಂದುಕೊಂಡರೆ ನೀರಿಳಿಯುವ ಕೊಳವೆಗೆ ಎಷ್ಟು ಗೌರವ ಸಲ್ಲಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಆ ಕೊಳವೆಗೆ ಕನಿಷ್ಠಪಕ್ಷ ನೂರಕ್ಕೆ ಒಂದರ ಇಳಿಜಾರು ಇರಬೇಕು. ಮಾತು ಸರಳ; ಆದರೆ ನೀರು ಹೊರಬೀಳುವ ಸ್ಥಳ 6 ಮೀಟರು ದೂರವಿದ್ದರೆ ಕೊಳವೆ 6 ಸೆಂಟಿಮೀಟರು ಇಳಿಯಬೇಕಾಯಿತು. ಯಂತ್ರದ ಎತ್ತರ 25 ಸೆಂಟಿಮೀಟರಿದೆಯೆಂದು ಚಾವಣಿಯ ಪೊಳ್ಳನ್ನು 30 ಸೆಂಟಿಮೀಟರಿಗೆ ನಿಲ್ಲಿಸಿದವರಿಗೆ ಈ ಆರು ಸೆಂಟಿಮೀಟರು ಎಲ್ಲಿಂದಲೂ ಹುಟ್ಟುವುದಿಲ್ಲ. ಆಗ ಕೊಳವೆಯನ್ನು ಸಮತಟ್ಟಾಗಿ, ಕೆಲವೊಮ್ಮೆ ನಡುವೆ ಮೇಲಕ್ಕೆ ಉಬ್ಬಿಸಿಯೂ, ಎಳೆದುಬಿಡುತ್ತಾರೆ. ನೀರಿಗೆ ನಮ್ಮ ಅನನುಕೂಲದ ಅರಿವಿಲ್ಲ. ಅದು ತಟ್ಟೆಯ ಅಂಚನ್ನು ದಾಟಿ ತನ್ನದೇ ಮಾರ್ಗ ಹಿಡಿಯುತ್ತದೆ. ಇಳಿಜಾರಿಗೆ ಎಡೆಯೇ ಇಲ್ಲದ ಕಡೆ ನೀರನ್ನು ಮೇಲೆತ್ತುವ ಚಿಕ್ಕ ಪಂಪನ್ನು ಜೋಡಿಸುವುದುಂಟು.

ಇಳಿಜಾರು ಸರಿಯಿದ್ದರೂ ನೀರು ಇಳಿಯದೆ ನಿಲ್ಲುವ ಒಂದು ಸಂದರ್ಭವಿದೆ. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಸೊಗಸಾದ ಉದಾಹರಣೆ. ಕೆಲವು ಯಂತ್ರಗಳಲ್ಲಿ ಬೀಸಣಿಗೆಯು ಸುರುಳಿಯ ಮುಂದೆ ನಿಂತು ಗಾಳಿಯನ್ನು ಅದರ ಮೂಲಕ ಎಳೆಯುತ್ತದೆ. ಆಗ ತಟ್ಟೆಯಿರುವ ಜಾಗದಲ್ಲಿ ಒತ್ತಡ ಹೊರಗಿನದಕ್ಕಿಂತ ಕಡಮೆ. ಕೊಳವೆಯ ತೆರೆದ ಬಾಯಿಂದ ಹೊರಗಿನ ಗಾಳಿ ಒಳನುಗ್ಗಿ, ಇಳಿಯಬೇಕಾದ ನೀರನ್ನು ತಡೆದು ನಿಲ್ಲಿಸುತ್ತದೆ. ಯಂತ್ರ ನಿಂತೊಡನೆ ನೀರೆಲ್ಲ ಧುಮುಕುತ್ತದೆ. ಇದಕ್ಕೆ ಪರಿಹಾರ ಪ್ರಯೋಗಾಲಯದ U ಆಕಾರದ ಒತ್ತಡಮಾಪಕವೇ. ಕೊಳವೆಯನ್ನು ಒಮ್ಮೆ ಹಾಗೆ ಬಾಗಿಸಿ, ಬಾಗಿನಲ್ಲಿ ನೀರು ನಿಲ್ಲುವಂತೆ ಮಾಡಿದರೆ ಆ ನೀರಿನ ಕಂಬವೇ ಒತ್ತಡದ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ವ್ಯತ್ಯಾಸ 150 ಪಾಸ್ಕಲ್ ಇದ್ದರೆ ಕಂಬ 15 ಮಿಲಿಮೀಟರು. ಧೈರ್ಯಕ್ಕಾಗಿ ಬಾಗನ್ನು ಇನ್ನಷ್ಟು ಆಳವಾಗಿ ಮಾಡುತ್ತಾರೆ. ಬೀಸಣಿಗೆ ಸುರುಳಿಯ ಹಿಂದಿದ್ದು ಗಾಳಿಯನ್ನು ತಳ್ಳುವ ಯಂತ್ರಗಳಲ್ಲಿ ಈ ತೊಂದರೆಯಿಲ್ಲ. ಯಾವ ಬಗೆಯದೆಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿಯೇ ಕೆಲಸಕ್ಕೆ ಕೈಹಾಕಬೇಕು. ಈ ನೀರನ್ನು ಕಕ್ಕಸಿನ ಕೊಳವೆಗೆ ನೇರವಾಗಿ ಕೂಡಿಸುವುದಂತೂ ಸಲ್ಲದು; ಬಾಗಿನ ನೀರು ಒಣಗಿದ ದಿನ ಮನೆಗೆಲ್ಲ ಅಲ್ಲಿಯ ದುರ್ವಾಸನೆಯೇ ಹಂಚಿಕೆಯಾದೀತು.

ನೀರು ಯಂತ್ರದೊಳಗೆ ಮಾತ್ರ ಹುಟ್ಟುವುದಿಲ್ಲ. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದನ್ನು ಎಲ್ಲರೂ ನೋಡಿದ್ದೇವೆ. ಯಾವ ಉಷ್ಣತೆಗೆ ಇಳಿದಾಗ ಗಾಳಿಯಲ್ಲಿನ ಆವಿ ಹನಿಗಟ್ಟತೊಡಗುವುದೋ ಅದಕ್ಕೆ ಇಬ್ಬನಿಬಿಂದುವೆಂದು ಹೆಸರು. ಮೇಲೆ ಹೇಳಿದ ಮಂಗಳೂರಿನ ಗಾಳಿಗೆ ಅದು ಸುಮಾರು 26 ಡಿಗ್ರಿ. ತಗಡಿನ ಗಾಳಿಗೊಳವೆಯೊಳಗೆ 13 ಡಿಗ್ರಿಯ ಗಾಳಿ ಹರಿಯುತ್ತಿದ್ದರೆ ಅದರ ಬರಿಯ ಮೈ ಧಾರಾಕಾರವಾಗಿ ಬೆವರದೆ ಇರುವುದೆಂತು? ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಬಿಸಿಯಿದ್ದು ಆರ್ದ್ರತೆ ಶೇಕಡ 20 ಇದ್ದರೆ ಇಬ್ಬನಿಬಿಂದು 13 ಡಿಗ್ರಿಯ ಹತ್ತಿರ. ಅಲ್ಲಿ ಅದೇ ಕೊಳವೆ ಬೆವರುವುದೇ ಅಪೂರ್ವ. ಒಂದು ಊರಿನಲ್ಲಿ ಪಳಗಿದ ಕೈ ಇನ್ನೊಂದು ಊರಿನಲ್ಲಿ ಸೋಲುವುದಕ್ಕೆ ಇದೇ ಕಾರಣ.

ಆದುದರಿಂದ ಕೊಳವೆಗೆ ಉಷ್ಣರೋಧಕದ ಹೊದಿಕೆ ಹಾಕುತ್ತಾರೆ: ಗಾಜಿನ ಉಣ್ಣೆ, ಇಲ್ಲವೆ ರಬ್ಬರಿನಂಥ ಹಗುರ ವಸ್ತು. ಗಾಜಿನ ಉಣ್ಣೆಯ ಮೇಲೆ ಅಲ್ಯೂಮಿನಿಯಂ ಹಾಳೆಯ ಹೊರಪದರವಿರುವುದು ಅಂದಕ್ಕಲ್ಲ, ಆವಿ ಒಳನುಸುಳದಿರಲೆಂದು. ಹಾಳೆ ಒಂದು ಕಡೆ ಹರಿದರೂ ಸಾಕು, ಆವಿ ಅಲ್ಲಿಂದ ಹೊಕ್ಕು ಉಣ್ಣೆಯೊಳಗೆ ನೀರಾಗುತ್ತದೆ. ನೆನೆದ ಉಣ್ಣೆ ಉಷ್ಣವನ್ನು ತಡೆಯುವ ಗುಣವನ್ನು ಕಳೆದುಕೊಳ್ಳುತ್ತದೆ. ಹೊರಮೈ ಇನ್ನಷ್ಟು ತಣ್ಣಗಾಗಿ ಇನ್ನಷ್ಟು ಬೆವರುತ್ತದೆ. ತೂಗುವ ಪಟ್ಟಿಗಳು ಹೊದಿಕೆಯನ್ನು ಅದುಮಿದ ಎಡೆಗಳಲ್ಲಿ, ಕೀಲುಗಳಲ್ಲಿ ಈ ಅನಾಹುತ ಮೊದಲಾಗುತ್ತದೆ.

ಗಾಳಿಯ ಮಾರ್ಗಕ್ಕೆ ಬರೋಣ. ಟನ್ನಿಗೆ ನಿಮಿಷಕ್ಕೆ ಸುಮಾರು 11 ಘನಮೀಟರು ಗಾಳಿ ಸುರುಳಿಯ ಮೇಲೆ ಹಾಯಬೇಕೆಂಬುದು ಸಾಮಾನ್ಯ ನಿಯಮ. ನಮ್ಮ ಯಂತ್ರಕ್ಕೆ 22 ಘನಮೀಟರು ಆಯಿತು. ಗಾಳಿಯ ವೇಗ ಹೆಚ್ಚಿದರೆ ಸದ್ದು. ಮನೆಗಳಲ್ಲಿ ಅದನ್ನು ಸೆಕೆಂಡಿಗೆ 4 ಮೀಟರಿನ ಆಸುಪಾಸಿನಲ್ಲಿ ಇಟ್ಟರೆ ಒಳ್ಳೆಯದು. ಹಾಗಿದ್ದರೆ ಮುಖ್ಯ ಕೊಳವೆಯ ಬಾಯಿ 900 ಚದರ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಹೆಚ್ಚುಕಡಮೆ ಒಂದು ಅಡಿ ಉದ್ದ ಒಂದು ಅಡಿ ಅಗಲ. ಇಷ್ಟು ಎತ್ತರ ಚಾವಣಿಯ ಪೊಳ್ಳಿನಲ್ಲಿ ಸಿಗದೆ 63 ಸೆಂಟಿಮೀಟರು ಅಗಲ, 15 ಸೆಂಟಿಮೀಟರು ಎತ್ತರದ ಚಪ್ಪಟೆ ಕೊಳವೆ ಮಾಡಿದರೆ ವಿಸ್ತೀರ್ಣವೇನೋ ಅಷ್ಟೇ. ಆದರೆ ಸುತ್ತಳತೆ 156 ಸೆಂಟಿಮೀಟರು. ಅಷ್ಟೇ ವಿಸ್ತೀರ್ಣದ ದುಂಡು ಕೊಳವೆಯದು 109 ಮಾತ್ರ. ಗಾಳಿ ಉಜ್ಜಿಕೊಂಡು ಹೋಗುವ ಗೋಡೆ ಹೆಚ್ಚಾದಷ್ಟೂ ಘರ್ಷಣೆ ಹೆಚ್ಚು, ತಗಡಿನ ಖರ್ಚೂ ಹೆಚ್ಚು. ಬಾಯಿಯನ್ನು ಅರ್ಧಕ್ಕೆ ಇಳಿಸಿ ಅಷ್ಟೇ ಗಾಳಿಯನ್ನು ನೂಕಹೊರಟರೆ ವೇಗ ಇಮ್ಮಡಿಯಾಗಿ ಘರ್ಷಣೆಯ ನಷ್ಟ ನಾಲ್ಮಡಿಗೂ ಮೀರುತ್ತದೆ.

ಈ ನಷ್ಟವನ್ನೆಲ್ಲ ಭರಿಸಬೇಕಾದ ಬೀಸಣಿಗೆಯ ಬಲವೆಷ್ಟು? ಮನೆಯ ಯಂತ್ರಗಳಲ್ಲಿ ಹೊರಗಿನ ಕೊಳವೆಗಳಿಗೆಂದು ಸಿಗುವ ಒತ್ತಡ ಹಲವೊಮ್ಮೆ 50 ಪಾಸ್ಕಲ್, ಎಂದರೆ ನೀರಿನ 5 ಮಿಲಿಮೀಟರು. ಒಂದು ಹೀರುಗೊಳವೆಯಲ್ಲಿ ಎಳನೀರನ್ನು ಬೆರಳಗಲ ಮೇಲೆಳೆಯಲು ಇದಕ್ಕಿಂತ ಹೆಚ್ಚು ಬೇಕು! ಇಷ್ಟು ಕಿರಿದಾದ ಆಯವ್ಯಯದಲ್ಲಿ ಒಂದು ಚೂಪಾದ ತಿರುವು, ಒಂದು ಇಕ್ಕಟ್ಟಾದ ಜಾಲರಿ, ನಡುವೆ ಜೋತುಬಿದ್ದು ಸುಕ್ಕುಗಟ್ಟಿದ ಒಂದು ಮೆದುಗೊಳವೆ, ಇವೇ ಎಲ್ಲವನ್ನೂ ನುಂಗಿಬಿಡಬಲ್ಲವು. ಹಿಗ್ಗಿ ಕುಗ್ಗುವ ಮೆದುಗೊಳವೆಯನ್ನು ಪೂರ್ತಿ ಎಳೆದು ಬಿಗಿಮಾಡಿಯೇ ಕಟ್ಟಬೇಕು. ಮಿಕ್ಕ ಉದ್ದವನ್ನು ಮುಂದಕ್ಕೆ ಆದೀತೆಂದು ಸುತ್ತಿಡುವುದು ಮಿತವ್ಯಯವಲ್ಲ. ಗಾಳಿ ಕಡಮೆಯಾದರೆ ಕೋಣೆ ತಂಪಾಗದಿರುವುದಷ್ಟೇ ಅಲ್ಲ: ಸುರುಳಿಗೆ ಸಾಕಷ್ಟು ಉಷ್ಣ ದೊರೆಯದೆ ಅದು ಶೂನ್ಯ ಡಿಗ್ರಿಗಿಂತ ಕೆಳಗಿಳಿದು ಮೈಮೇಲೆ ಮಂಜುಗಟ್ಟುತ್ತದೆ, ಮಂಜು ಗಾಳಿಯನ್ನು ಇನ್ನೂ ತಡೆಯುತ್ತದೆ, ಕುದಿಯದೆ ಉಳಿದ ಶೀತಕ ದ್ರವ ಕಂಪ್ರೆಸರಿಗೆ ಹರಿದು ಅದನ್ನು ಕೆಡಿಸುತ್ತದೆ. ಬೆಲೆಬಾಳುವ ಕಂಪ್ರೆಸರ್ ಸತ್ತುದಕ್ಕೆ ಮೂಲಕಾರಣ ಒಂದು ಸುಕ್ಕಾದ ಕೊಳವೆಯಾಗಿರುವುದು ಸಾಧ್ಯ.

ಹೋದಷ್ಟು ಗಾಳಿ ಮರಳಲೇಬೇಕು. ಇದು ಎಷ್ಟು ಸ್ಪಷ್ಟವೋ ಅಷ್ಟೇ ಉಪೇಕ್ಷಿತ. 4 ಮೀಟರು ಉದ್ದ, 3 ಮೀಟರು ಅಗಲ, 3 ಮೀಟರು ಎತ್ತರದ ಕೋಣೆಗೆ ನಿಮಿಷಕ್ಕೆ 11 ಘನಮೀಟರು ಗಾಳಿ ಬರುತ್ತಿದೆ. ಹಿಂದಿರುಗುವ ಜಾಲರಿ ಹೊರಗಿನ ಓಣಿಯಲ್ಲಿದೆ. ರಾತ್ರಿ ಬಾಗಿಲು ಮುಚ್ಚಿತು. ಬಾಗಿಲ ಕೆಳಗಿನ ಸಂದು 90 ಸೆಂಟಿಮೀಟರು ಅಗಲ, ಒಂದು ಸೆಂಟಿಮೀಟರು ಎತ್ತರ. ಅದರ ಮೂಲಕವೇ ಎಲ್ಲ ಗಾಳಿಯೂ ಹೊರಡಬೇಕಾದರೆ ಸೆಕೆಂಡಿಗೆ 20 ಮೀಟರಿಗೂ ಮಿಕ್ಕ ವೇಗ ಬೇಕು. ಅದು ಬಿರುಗಾಳಿಯ ವೇಗ. ಮನೆಯ ಬೀಸಣಿಗೆ ಅದನ್ನು ಉಂಟುಮಾಡಲಾರದು. ಕೋಣೆಗೆ ಬರುವ ಗಾಳಿಯೇ ತಗ್ಗಿಹೋಗುತ್ತದೆ. ಅದಕ್ಕಾಗಿ ಪ್ರತಿ ಕೋಣೆಗೂ ಮರಳುದಾರಿ ಬೇಕು, ಇಲ್ಲವೆ ಬಾಗಿಲಲ್ಲೋ ಗೋಡೆಯಲ್ಲೋ ಸಾಕಷ್ಟು ದೊಡ್ಡ ಜಾಲರಿ ಬೇಕು. ಚಾವಣಿಯ ಪೊಳ್ಳನ್ನೇ ಮರಳುದಾರಿಯಾಗಿ ಬಳಸುವ ಪದ್ಧತಿಯೂ ಉಂಟು. ಬಿಸಿಲಿಗೆ ಕಾದ ತಾರಸಿಯ ಕೆಳಗೆ ಅದು ನಮಗೆ ಸಮ್ಮತವಲ್ಲ. ತಾರಸಿಯ ಕಾವನ್ನೂ ಧೂಳನ್ನೂ ಎಳೆದುಕೊಂಡು ಬಂದು ಮತ್ತೆ ಅದನ್ನೇ ತಣಿಸಬೇಕಾಗುತ್ತದೆ.

ಗಾಳಿ ಹೀಗೆ ಸುತ್ತುತ್ತಿದ್ದರೂ ಅದು ಅದೇ ಗಾಳಿ ಎಂಬುದನ್ನು ಮರೆಯಬಾರದು. ಕುಳಿತು ಓದುತ್ತಿರುವ ಒಬ್ಬನು ಗಂಟೆಗೆ ಸುಮಾರು 18 ಲೀಟರು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. ಮೇಲಿನ ಕೋಣೆಯಲ್ಲಿ 36,000 ಲೀಟರು ಗಾಳಿಯಿದೆ. ಇಬ್ಬರು ವಿದ್ಯಾರ್ಥಿಗಳು ಬಿರುಕೊಂದೂ ಇಲ್ಲದಂತೆ ಮುಚ್ಚಿಕೊಂಡು ಕುಳಿತರೆ ಒಂದೇ ಗಂಟೆಯಲ್ಲಿ ಹತ್ತು ಲಕ್ಷಕ್ಕೆ ಸಾವಿರ ಭಾಗದಷ್ಟು ಅನಿಲ ಸೇರುತ್ತದೆ; ಹೊರಗಿನ ಗಾಳಿಯಲ್ಲಿರುವುದು ಹತ್ತು ಲಕ್ಷಕ್ಕೆ 420 ಭಾಗಗಳಿಗಿಂತ ಸ್ವಲ್ಪ ಹೆಚ್ಚು. ಪರೀಕ್ಷೆಯ ಹಿಂದಿನ ರಾತ್ರಿಯ ತೂಕಡಿಕೆಗೆಲ್ಲ ಪುಸ್ತಕವೇ ಹೊಣೆಯಲ್ಲ! ಮರಳುವ ಗಾಳಿಯೊಡನೆ ಸ್ವಲ್ಪ ಹೊಸ ಗಾಳಿಯನ್ನು ಶೋಧಿಸಿ ಬೆರೆಸಲು ಒಂದು ಚಿಕ್ಕ ಕೊಳವೆಯನ್ನು ಹೊರಗೋಡೆಯಿಂದ ತರುವುದು ಕೂರಿಸುವ ದಿನ ಸುಲಭ, ಆಮೇಲೆ ಕಷ್ಟ.

ಒಳಭಾಗವನ್ನೂ ಹೊರಭಾಗವನ್ನೂ ಕೂಡಿಸುವ ತಾಮ್ರದ ಕೊಳವೆಗಳಲ್ಲಿ ಶೀತಕ ಹರಿಯುತ್ತದೆ. ಬೇಸಗೆಯಲ್ಲಿ ಹೊರಭಾಗದ ಒತ್ತಡ ವಾಯುಮಂಡಲದ ಒತ್ತಡದ 30 ಮಡಿಯಷ್ಟಾಗಬಹುದು. ಬೆಸುಗೆಯ ಸಮಯದಲ್ಲಿ ಕೊಳವೆಯೊಳಗೆ ನೈಟ್ರೊಜನ್ ಹಾಯುತ್ತಿರಬೇಕು. ಇಲ್ಲದಿದ್ದರೆ ಒಳಮೈಯಲ್ಲಿ ತಾಮ್ರದ ಆಕ್ಸೈಡಿನ ಕಪ್ಪು ಹೊಟ್ಟು ಏಳುತ್ತದೆ. ಸೋರಿಕೆಯ ಪರೀಕ್ಷೆಗೂ ಒಣ ನೈಟ್ರೊಜನ್ನೇ ತಕ್ಕದ್ದು. ಆಕ್ಸಿಜನ್ನನ್ನು ತುಂಬಿದರೆ ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಸಿಡಿಯುತ್ತದೆ. ಈ ವಿಷಯದಲ್ಲಿ ಎರಡನೆಯ ಮಾತಿಲ್ಲ. ಆಮೇಲೆ ನಿರ್ವಾತ ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ತೆಗೆಯಬೇಕು. 25 ಡಿಗ್ರಿಯ ಉಷ್ಣತೆಯಲ್ಲಿ ಒತ್ತಡವನ್ನು ಪಾದರಸದ 24 ಮಿಲಿಮೀಟರಿಗಿಂತ ಕೆಳಗಿಳಿಸಿದರೆ ನೀರು ಕುದಿಯುತ್ತದೆ. ಪಂಪು ಅರ್ಧ ಮಿಲಿಮೀಟರಿಗೆ ಇಳಿಸಿದಾಗ ಕೊಳವೆಯಲ್ಲಿ ಉಳಿದಿದ್ದ ತೇವ ಆವಿಯಾಗಿ ಹೊರಟುಹೋಗುತ್ತದೆ. ಕಾಲುಗಂಟೆ ಉಳಿಸಲು ಈ ಹಂತವನ್ನು ಬಿಟ್ಟರೆ ತೇವವು ಒಳಗೇ ಉಳಿದು ಆಮ್ಲಗಳನ್ನು ಹುಟ್ಟಿಸುತ್ತದೆ. ಈಗ ಬಳಕೆಗೆ ಬಂದಿರುವ ಆರ್-32 ಎಂಬ ಶೀತಕವು ಓಜೋನ್ ಪದರಕ್ಕೆ ಕೇಡು ಮಾಡುವುದಿಲ್ಲ. ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 675 ಪಟ್ಟು ಬಲಶಾಲಿ. ಸ್ವಲ್ಪಮಟ್ಟಿಗೆ ಉರಿಯುವಂಥದೂ ಹೌದು. ಇಂಥ ಶೀತಕಗಳನ್ನು ಕ್ರಮವಾಗಿ ತಗ್ಗಿಸುವ 2016ರ ಕಿಗಾಲಿ ಒಪ್ಪಂದಕ್ಕೆ ಭಾರತವು 2021ರಲ್ಲಿ ಅಂಗೀಕಾರವಿತ್ತಿತು. ಸೋರಿಕೆಯನ್ನು ಸಾಬೂನಿನ ನೊರೆಯಿಂದ ಹುಡುಕಬೇಕೇ ಹೊರತು ಬೆಂಕಿಕಡ್ಡಿಯಿಂದಲ್ಲ.

ಹೊರಭಾಗವು ಕೋಣೆಯ 7 ಕಿಲೋವಾಟ್‌ನೊಡನೆ ಕಂಪ್ರೆಸರಿಗೆ ಕೊಟ್ಟ ಸುಮಾರು 2 ಕಿಲೋವಾಟ್ ವಿದ್ಯುತ್ತನ್ನೂ ಸೇರಿಸಿ 9 ಕಿಲೋವಾಟ್ ಉಷ್ಣವನ್ನು ಹೊರಹಾಕುತ್ತದೆ. ಅದನ್ನು ಗೋಡೆಗಳ ಇಕ್ಕಟ್ಟಿನಲ್ಲಿ ಇಟ್ಟರೆ ತಾನು ಬಿಟ್ಟ ಬಿಸಿಯುಸಿರನ್ನು ತಾನೇ ಕುಡಿಯುತ್ತದೆ.

ಹಲಗೆ ಮುಚ್ಚುವ ದಿನ ಮನೆಯವರು ಮಾಡಿಸಿ ನೋಡಬಹುದಾದ ಕೆಲವು ಪರೀಕ್ಷೆಗಳಿವೆ. ತಟ್ಟೆಗೆ ಎರಡು ಮೂರು ಲೀಟರು ನೀರು ಹೊಯ್ದು, ಬೀಸಣಿಗೆ ತಿರುಗುತ್ತಿರುವಾಗಲೇ ಅದು ಹೊರಗಿನ ಬಾಯಿಂದ ಸರಾಗವಾಗಿ ಬೀಳುವುದೇ ನೋಡಬೇಕು. ಗಾಳಿಗೊಳವೆಯ ಕೀಲುಗಳ ಬಳಿ ಊದುಬತ್ತಿಯ ಹೊಗೆ ಹಿಡಿದರೆ ಗಾಳಿ ಎಲ್ಲಿ ಸೋರುವುದೆಂಬುದು ತಿಳಿಯುತ್ತದೆ. ಇದನ್ನು ಶೀತಕ ತುಂಬುವ ಮೊದಲೇ ಮುಗಿಸುವುದು ಲೇಸು. ಯಂತ್ರ ಅರ್ಧ ಗಂಟೆ ನಡೆದ ಮೇಲೆ ಮರಳುವ ಗಾಳಿಗೂ ಬರುವ ಗಾಳಿಗೂ ಸುಮಾರು 10ರಿಂದ 12 ಡಿಗ್ರಿಯ ಅಂತರ ಕಂಡುಬರುವುದು ವಾಡಿಕೆ. ಅಂತರ ತೀರ ಹೆಚ್ಚಾಗಿದ್ದರೆ ಹಿಗ್ಗಬೇಕಾದ ಕಾರಣವಿಲ್ಲ, ಗಾಳಿಯ ಹರಿವು ಕಡಮೆಯಿರಬಹುದೆಂದು ಅನುಮಾನಿಸಬೇಕು. ಕೊನೆಯದಾಗಿ, ಯಂತ್ರದ ಕೆಳಗೆ ಒಂದು ಬಾಗಿಲು. ಧೂಳು ಸೋಸುವ ಪರದೆಯನ್ನು ತಿಂಗಳಿಗೊಮ್ಮೆಯಾದರೂ ತೆಗೆದು ತೊಳೆಯಬೇಕು. ತಟ್ಟೆಯನ್ನೂ ಬೀಸಣಿಗೆಯನ್ನೂ ಎಂದಾದರೂ ಕೆಳಗಿಳಿಸಬೇಕಾದೀತು. ಅಂಗೈಯಗಲದ ಕಿಂಡಿಯಿಂದ ಇವೊಂದೂ ಆಗುವುದಿಲ್ಲ. ಬಾಗಿಲು ಯಂತ್ರದ ಉದ್ದಗಲಕ್ಕಿಂತ ದೊಡ್ಡದಾಗಿದ್ದು, ವಿದ್ಯುತ್ತಿನ ಪೆಟ್ಟಿಗೆಯ ಕಡೆಗೆ ಒಬ್ಬನ ಎರಡು ಕೈಗಳೂ ಭುಜವೂ ಹೋಗುವಷ್ಟು ಎಡೆ ಹೆಚ್ಚಾಗಿ ಇರಬೇಕು.